ಶಾಖದ ಕೋಣೆಯ ಬೆಚ್ಚಗಕ್ಕ

ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯನ್ನು ದಾಟಿ ಎಡಕ್ಕೆ ತಿರುಗಿದರೆ ಕಾರಿಡಾರಿನ ಕೊನೆಯಲ್ಲಿ ಒಂದು ಬಾಗಿಲಿದೆ. ಅದರ ಮೇಲೆ ಬರೆದಿರುವ ಉದ್ದನೆಯ ಹೆಸರು ಯಾರ ನಾಲಿಗೆಯಲ್ಲೂ ಹೊರಳುವುದಿಲ್ಲ. ಎಲ್ಲರೂ ಅದನ್ನು ಶಾಖದ ಕೋಣೆ ಅನ್ನುತ್ತಾರೆ. ಒಳಗೆ ಪರದೆ ಎಳೆದ ಮೂರು ಮಂಚಗಳು, ಗಾಲಿಯ ಮೇಲೆ ನಿಂತ ಮೂರು ದೀಪಗಳು, ಗೋಡೆಗೆ ಒರಗಿಸಿದ ಒಂದು ಬೆಂಚು. ಪಕ್ಕದ ಕೋಣೆಯಲ್ಲಿ ವ್ಯಾಯಾಮ ಮಾಡಿಸುವ ಥೆರಪಿ ಮೇಡಂ. ಶಾಖದ ಕೋಣೆಯನ್ನು ನೋಡಿಕೊಳ್ಳುವವಳು ಬೆಚ್ಚಗಕ್ಕ.

ಅದು ಅವಳ ಹೆಸರಲ್ಲ. ದೀಪ ಹಚ್ಚಿದ ಮೇಲೆ ಪ್ರತಿಯೊಬ್ಬರನ್ನೂ "ಬೆಚ್ಚಗಿದ್ಯಾ?" ಎಂದು ಕೇಳಿ ಕೇಳಿ ಬಂದ ಹೆಸರು. ನನ್ನ ಅತ್ತೆಯವರ ಸೊಂಟನೋವಿಗೆಂದು ಆ ಬೆಂಚಿನ ಮೇಲೆ ನಾನು ಬಹಳ ದಿನ ಕುಳಿತಿದ್ದೆ. ಮುಂದೆ ಹೇಳುವುದರಲ್ಲಿ ಕೆಲವನ್ನು ಅಲ್ಲಿ ಕಣ್ಣಾರೆ ಕಂಡೆ, ಉಳಿದದ್ದನ್ನು ಅಕ್ಕನೇ ಹೇಳಿದಳು.

ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕೆ ಸೇರಿದವಳು ಅವಳು. ಥೆರಪಿ ಮೇಡಂ ಹೇಳಿಕೊಟ್ಟದ್ದನ್ನು ಮನಸ್ಸಿಟ್ಟು ಕಲಿತಳು. ದೀಪವನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕು, ಕಣ್ಣಿಗೆ ಯಾಕೆ ಬಟ್ಟೆ ಮುಚ್ಚಬೇಕು, ಮುಲಾಮು ಹಚ್ಚಿಕೊಂಡು ಬಂದವರನ್ನು ಮೊದಲು ಯಾಕೆ ಒರೆಸಬೇಕು, ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಕಲಿತದ್ದನ್ನು ತನ್ನ ಮಾತಿಗೆ ಇಳಿಸಿಕೊಂಡು ರೋಗಿಗಳಿಗೆ ಹೇಳುತ್ತಿದ್ದಳು.

"ಅಕ್ಕಾ, ಈ ದೀಪ ಇನ್ನೂ ಸ್ವಲ್ಪ ಕೆಂಪಗೆ ಉರಿಯೋ ಹಾಗೆ ಮಾಡಿ. ಬೇಗ ವಾಸಿಯಾಗ್ಲಿ" ಎಂದು ಯಾರಾದರೂ ಅಂದರೆ ನಗುತ್ತಿದ್ದಳು.

"ಕೆಂಪು ಬರೀ ಮುಖಕ್ಕೆ ಹಚ್ಚಿದ ಬಣ್ಣ. ಕೆಲಸ ಮಾಡೋದು ಅದರ ಹಿಂದೆ ಬರೋ ಬೆಳಕು, ಅದು ಕಣ್ಣಿಗೆ ಕಾಣಲ್ಲ. ಚರ್ಮಕ್ಕೆ ತಾಗಿ, ಸ್ವಲ್ಪ ಒಳಗಿಳಿದು ಶಾಖ ಆಗುತ್ತೆ. ರಕ್ತದ ದಾರಿ ಅಗಲ ಆಗುತ್ತೆ, ಗಂಟು ಹಾಕ್ಕೊಂಡ ಮಾಂಸ ಸಡಿಲ ಆಗುತ್ತೆ. ಅಷ್ಟೇ. ಮೂಳೆ ಸವೆದಿದ್ರೆ ಅದನ್ನ ಬೆಳೆಸಲ್ಲ. ಆಮೇಲೆ ಮೇಡಂ ಹೇಳಿದ ಹಾಗೆ ಕೈಕಾಲು ಆಡಿಸ್ಬೇಕು. ಶಾಖ ತಗೊಂಡು ಮನೇಲಿ ಮಲಗಿಬಿಟ್ರೆ ದೀಪಕ್ಕೂ ಬೇಜಾರು."

"ಮೇಲಿನ ಮಹಡೀಲಿ ಮಕ್ಕಳಿಗೆ ನೀಲಿ ದೀಪ ಇಡ್ತಾರಲ್ಲ, ಅದರಲ್ಲೂ ಶಾಖನಾ?"

"ಅದೇ ಬೇರೆ. ಹುಟ್ಟಿದ ಮಗೂಗೆ ಮೈ ಹಳದಿ ಆಗುತ್ತಲ್ಲ, ಆ ಹಳದೀನ ಕರಗಿಸೋಕೆ ನೀಲಿ. ಅದರಲ್ಲಿ ಬಿಸಿ ಹುಡುಕಬಾರ್ದು. ಮೊನ್ನೆ ಒಬ್ಬ ಅಜ್ಜಿ, ದೀಪ ಇಟ್ಟೂ ಮಗು ತಣ್ಣಗಿದೆ ಅಂತ ಕಂಬಳಿ ಹೊದಿಸಿಬಿಟ್ಟಿದ್ರು! ಬೆಳಕೆಲ್ಲ ಕಂಬಳಿಗೆ ಹೋಯ್ತು. ಇನ್ನು ಚರ್ಮದ ಡಾಕ್ಟ್ರ ಹತ್ರ, ರೋಗಿ ಒಳಗೆ ನಿಂತು ಬೆಳಕು ತಗೊಳ್ಳೋ ಪೆಟ್ಟಿಗೆ ಇದೆ. ಅದರ ಬೆಳಕು ಕಣ್ಣಿಗೂ ಸರಿಯಾಗಿ ಕಾಣಲ್ಲ, ಕೈಗೂ ತಿಳಿಯಲ್ಲ. ಹೆಚ್ಚಾದ್ರೆ ಸಂಜೆ ಚರ್ಮ ಕೆಂಪಾಗಿ ಉರಿಯುತ್ತೆ, ಆಗಲೇ ಗೊತ್ತಾಗೋದು. ನಮ್ಮ ದೀಪ ಎಷ್ಟೋ ವಾಸಿ, ಮೋಸ ಇಲ್ಲ. ದೇವರು ಬೆಳಕು ಮಾಡುವಾಗ ಸ್ವಲ್ಪ ಕಣ್ಣಿಗೆ ಕೊಟ್ಟ, ಸ್ವಲ್ಪ ಚರ್ಮಕ್ಕೆ ಕೊಟ್ಟ. ಇದು ಚರ್ಮದ ಪಾಲಿನದು."

ಮೂರು ದೀಪಗಳಲ್ಲಿ ಎರಡು ಕೆಂಪಗೆ ಉರಿಯುತ್ತಿದ್ದವು. ಮೂರನೆಯದು ಹಳೆಯದು, ಕಪ್ಪು ದೀಪ. ಅದು ಉರಿದರೂ ಬೆಳಕಿಲ್ಲ, ಆರಿದರೂ ಬದಲಾವಣೆಯಿಲ್ಲ. ಕಾಯಲು ಹೊತ್ತು ಬೇಕು, ಕಾದ ಮೇಲೆ ಮೈಗಷ್ಟೇ ಗೊತ್ತಾಗುತ್ತದೆ. ಅದರಿಂದಲೇ ಅಕ್ಕ ತನ್ನ ಕೆಲಸದ ದೊಡ್ಡ ಪಾಠ ಕಲಿತಳು.

ಒಬ್ಬ ಗುಮಾಸ್ತರು ಕುತ್ತಿಗೆ ನೋವಿಗೆ ಬರುತ್ತಿದ್ದರು, ಬಲು ಮರ್ಯಾದಸ್ಥರು. ಅವರಿಗೆ ಕಪ್ಪು ದೀಪ ಇಟ್ಟು ಅಕ್ಕ ಎಂದಿನಂತೆ ಕೇಳಿದಳು, "ಬೆಚ್ಚಗಿದ್ಯಾ ಸರ್?"

"ಬೆಚ್ಚಗಿದೆ ಅಕ್ಕ."

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದಳು. "ಬೆಚ್ಚಗಿದೆ. ನಿನ್ನೆಗಿಂತ ಇವತ್ತು ಇನ್ನೂ ಹಾಯಾಗಿದೆ" ಅಂದರು. ಅವರು ಅಂಗಿ ತೊಟ್ಟು ಹೋದ ಮೇಲೆ ದೀಪ ಆರಿಸಲು ಹೋದಳು. ಪ್ಲಗ್ ನೆಲದ ಮೇಲೆ ಬಿದ್ದಿತ್ತು.

ಅಕ್ಕ ನಕ್ಕಳು. ಆಮೇಲೆ ನಗು ನಿಂತಿತು. ನಾವು "ಬೆಚ್ಚಗಿದ್ಯಾ" ಎಂದರೆ ಜನ "ಬೆಚ್ಚಗಿದೆ" ಅನ್ನುತ್ತಾರೆ, "ಚೆನ್ನಾಗಿದ್ದೀರಾ" ಎಂದರೆ "ಚೆನ್ನಾಗಿದ್ದೀನಿ" ಅನ್ನುತ್ತಾರೆ. ಕೇಳಿದವರ ಮಾತನ್ನೇ ಹಿಂದಕ್ಕೆ ಕೊಡುವುದು ನಮ್ಮ ಬಾಯಿಯ ಅಭ್ಯಾಸ. ತಣ್ಣನೆಯ ದೀಪಕ್ಕೆ ಬೆಚ್ಚಗಿದೆ ಎಂದವರು ಸುಡುವ ದೀಪಕ್ಕೂ ಹಾಗೇ ಅಂದರೆ?

ಅಂದಿನಿಂದ ಅವಳು ಆ ಪ್ರಶ್ನೆ ಬಿಟ್ಟಳು, ಹೆಸರು ಮಾತ್ರ ಉಳಿಯಿತು. "ಹೇಗಿದೆ? ನಿಮ್ಮ ಮಾತಲ್ಲಿ ಹೇಳಿ" ಎಂದು ಕೇಳತೊಡಗಿದಳು. ಮೊದಮೊದಲು ಜನ ತಡವರಿಸಿದರು. ಆಮೇಲೆ ಅವರವರ ಕಸುಬಿನಿಂದ ಮಾತು ಬಂತು. ಹೋಟೆಲಿನ ಅಡುಗೆಯವರು "ಹಾಲಿಗೆ ಹೆಪ್ಪು ಹಾಕೋ ಹದ" ಅಂದರು. ಲಾರಿಯ ಡ್ರೈವರು "ಗಾಡಿ ನಿಲ್ಲಿಸಿ ಟೀ ಕುಡಿದು ಬಂದ ಮೇಲಿನ ಬಾನೆಟ್" ಅಂದ. ನನ್ನ ಅತ್ತೆ, "ಕೂಸು ಮಲಗಿ ಎದ್ದ ಜಾಗ" ಅಂದರು.

ಎಲ್ಲರಿಗಿಂತ ನಿಖರವಾಗಿ ಹೇಳುತ್ತಿದ್ದವನು ಇಸ್ತ್ರಿ ಅಣ್ಣ. ದಿನವಿಡೀ ನಿಂತು ಇಸ್ತ್ರಿಪೆಟ್ಟಿಗೆ ತಳ್ಳಿ ಅವನ ಬಲಭುಜ ಹಿಡಿದುಕೊಂಡಿತ್ತು. ಅವನ ಲೆಕ್ಕದಲ್ಲಿ ಬಿಸಿಗೆ ಎರಡೇ ಜಾತಿ. "ರೇಷ್ಮೆ ಬಿಸಿ ಅಕ್ಕ, ಚೆನ್ನಾಗಿದೆ. ಹತ್ತಿ ಬಿಸಿಗೆ ಹೋಗ್ಬೇಡಿ, ನಾನು ಸುಕ್ಕಾಗಿರೋದು ಒಳಗೆ, ಹೊರಗಲ್ಲ."

ಹೀಗೆ ಬಾಯಿ ಇದ್ದವರದ್ದು ನಡೆಯುತ್ತಿತ್ತು. ಕಷ್ಟವಾದದ್ದು ಕಂಡಕ್ಟರಣ್ಣ ಬಂದಾಗ.

ಅವರು ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಮುಂದಿನ ಬಾಗಿಲಿಂದ ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವವರು ಎದ್ದು ಕೂರುವಂಥ ಗಂಟಲು. ಲಕ್ವ ಹೊಡೆದು ಬಲಗೈ ಸೋತಿತು, ಮಾತು ಹೋಯಿತು. ಹೋಗುವಾಗ ಒಂದೇ ಒಂದು ಮಾತನ್ನು ಬಿಟ್ಟು ಹೋಯಿತು, "ರೈಟ್." ಹಸಿವಾದರೂ ರೈಟ್, ನೋವಾದರೂ ರೈಟ್, ಬೇಡ ಅನ್ನುವುದಕ್ಕೂ ರೈಟ್. ತಲೆ ಆಡಿಸುವುದೂ ಹಾಗೆಯೇ, ಹೌದು ಇಲ್ಲ ಎರಡಕ್ಕೂ ಒಂದೇ.

"ಮದುವೆ ಆದಾಗಿನಿಂದ ನಾನು ಹೇಳಿದ್ದಕ್ಕೆ ಒಂದು ಸಲಾನೂ ರೈಟ್ ಅಂದವರಲ್ಲ" ಎಂದು ಅವರ ಹೆಂಡತಿ ಅಕ್ಕನಿಗೆ ಹೇಳಿದರು. "ಈಗ ದಿನವಿಡೀ ಅದೇ. ದೇವರು ನನ್ನ ಪ್ರಾರ್ಥನೆ ಕೇಳಿದ, ಆದ್ರೆ ಹೀಗೆ ಕೇಳ್ತಾನೆ ಅಂದ್ಕೊಂಡಿರ್ಲಿಲ್ಲ."

ಭುಜ ಬಿಗಿದು ಕೈ ಮೇಲೇಳುತ್ತಿರಲಿಲ್ಲ. ಅಂಗಿ ತೊಡಿಸುವಾಗ ಗಂಡ ನರಳುವುದನ್ನು ಆಕೆಯ ಕೈಲಿ ನೋಡಲಾಗುತ್ತಿರಲಿಲ್ಲ. "ಇವರು ಓಡಾಡಬೇಕು ಅಂತೆಲ್ಲ ಕೇಳಲ್ಲ ನಾನು. ನೋವಿಲ್ದೆ ಒಂದು ತೋಳು ತೂರಿಸಿದ್ರೆ ಸಾಕು."

ಮೇಡಂ ಭುಜವನ್ನು ಆಡಿಸಬೇಕಾದರೆ ಮೊದಲು ಅದು ಸಡಿಲವಾಗಬೇಕು, ಅದಕ್ಕೆ ಶಾಖ ಬೇಕು. ಆದರೆ ಬಿಸಿ ಹೆಚ್ಚಾಯಿತು ಎಂದು ಹೇಳಲಾರದವರಿಗೆ ದೀಪ ಇಡುವುದು ಅಪಾಯ. ಡಾಕ್ಟರು ಬಹಳ ಯೋಚಿಸಿದರು. ಚರ್ಮಕ್ಕೆ ಸ್ಪರ್ಶ ಇದೆಯೆಂದು ಮುಖದ ಸೆಳೆತ ನೋಡಿ ಖಚಿತ ಮಾಡಿಕೊಂಡರು. ಕೊನೆಗೆ ಅಂದರು: "ಅಕ್ಕ ಪಕ್ಕದಲ್ಲೇ ಕೂತು, ಕೈ ಇಟ್ಟು ನೋಡ್ತಾ ಇರೋದಾದ್ರೆ ಮಾತ್ರ. ಅಕ್ಕ ಇಲ್ಲದ ದಿನ ದೀಪ ಇಲ್ಲ."

ಅಕ್ಕ ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂರುತ್ತಿದ್ದಳು. ಬಲಗೈಯ ಬೆರಳುಗಳನ್ನು ಅವರ ಭುಜದ ಮೇಲೆ ದೀಪದ ದಾರಿಯಲ್ಲಿ ಹಿಡಿಯುತ್ತಿದ್ದಳು. ಹಿಡಿದುಕೊಂಡೇ ಅವರ ಹೆಂಡತಿಯ ಮಾತು ಕೇಳುತ್ತಿದ್ದಳು, ಅವರ ರೈಟನ್ನೂ ಕೇಳುತ್ತಿದ್ದಳು. ಕೇಳುವುದರಲ್ಲಿ ಅವಳಿಗೆ ಯಾವತ್ತೂ ಅವಸರವಿರಲಿಲ್ಲ. ಒಂದೇ ಮಾತನ್ನು ದಿನವೂ ಕೇಳಿದರೆ ಅದರೊಳಗೆ ಬೇರೆ ಬೇರೆ ಮಾತುಗಳಿರುವುದು ತಿಳಿಯುತ್ತದಂತೆ. ಹಾಯಾಗಿದ್ದಾಗ ಅವರು ಬಸ್ಸು ಹೊರಡಿಸುವಂತೆ ಬೆನ್ನುಬೆನ್ನಿಗೆ ಎರಡು ಸಲ ಅನ್ನುತ್ತಿದ್ದರು, "ರೈಟ್ ರೈಟ್!" ಶಾಖ ಸಾಲದಿದ್ದರೆ ಒಂದೇ ಸಲ, ಚಿಲ್ಲರೆ ಕೊಡದ ಪ್ರಯಾಣಿಕನನ್ನು ನೋಡಿದ ಹಾಗೆ, ಮೊಟಕಾಗಿ. ಹೆಚ್ಚಾದರೆ ಮಾತು ಎಳೆದು ಗಂಟಲಲ್ಲೇ ಉಳಿಯುತ್ತಿತ್ತು, "ರೈ...ಟ್." ಇದೆಲ್ಲ ಅಕ್ಕನಿಗೆ ಕಿವಿಯಲ್ಲಿ ಗೊತ್ತಿತ್ತು, ಆದರೆ ಯಾರಿಗೂ ಹೇಳಿರಲಿಲ್ಲ. ಕೈ ಇರುವಾಗ ಕಿವಿಯ ಮಾತು ಯಾಕೆ ಅಂದುಕೊಂಡಿದ್ದಳು.

ಆ ಕೈಯ ಮೇಲೆ ಅವಳಿಗೆ ಅಷ್ಟು ನಂಬಿಕೆ. ಮನೆಯಲ್ಲೂ ಅದರದೇ ಹೊಗಳಿಕೆ. ಒಲೆಯ ಮೇಲಿನ ಕುದಿಯುವ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದಳು. "ನಮ್ಮ ಸೊಸೆಯದು ಪಳಗಿದ ಕೈ" ಎಂದು ಅವಳ ಅತ್ತೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ನೀರಿನ ಟ್ಯಾಂಕರು ಓಡಿಸುವ ಗಂಡ, "ಕೈಯಲ್ಲ ಅದು, ಇಕ್ಕಳ" ಅನ್ನುತ್ತಿದ್ದ. ಇತ್ತೀಚೆಗೆ ಲೋಟ ಆಗಾಗ ಜಾರಿ ಬೀಳುತ್ತಿತ್ತು. ಅಂಗಿಯ ಗುಂಡಿ ಹಾಕಲು ತಡಕಾಡುತ್ತಿದ್ದಳು. ಮಗಳು, "ಅಮ್ಮ, ಬಿಸಿ ಪಾತ್ರೆ ಹಿಡಿಯೋ ಕೈಗೆ ಖಾಲಿ ಲೋಟ ಹಿಡಿಯೋಕಾಗಲ್ವಾ?" ಎಂದು ರೇಗಿಸಿದ್ದಳು. ಆ ಮಾತಿನಲ್ಲೇ ಎಲ್ಲವೂ ಇತ್ತು. ಆದರೆ ಪಳಗಿದ ಕೈ ಎಂಬ ಹೊಗಳಿಕೆ ಅಡ್ಡ ನಿಂತಿತ್ತು.

ಒಂದು ಬೆಳಿಗ್ಗೆ ಕಂಡಕ್ಟರಣ್ಣನಿಗೆ ದೀಪ ಇಟ್ಟು ಪಕ್ಕದ ಕೋಣೆಗೆ ಕಳಿಸಿದ ಮೇಲೆ ಅದೇ ಮಂಚಕ್ಕೆ ಇಸ್ತ್ರಿ ಅಣ್ಣ ಬಂದ. ದೀಪವನ್ನು ಅಲ್ಲೇ, ಅಷ್ಟೇ ದೂರದಲ್ಲಿ ಬಿಟ್ಟಿದ್ದಳು.

"ಹೇಗಿದೆ ಅಣ್ಣ?"

"ಅಕ್ಕಾ, ಇವತ್ತು ಹತ್ತಿ ಬಿಸಿ. ಸ್ವಲ್ಪ ಹಿಂದಕ್ಕೆ ತಳ್ಳಿ."

ಅಕ್ಕ ಬೆರಳು ಹಿಡಿದಳು. "ಏ, ಉಗುರುಬೆಚ್ಚಗೂ ಇಲ್ಲ ಇದು."

"ಉಗುರುಬೆಚ್ಚಗಾ! ನೀರು ಚಿಮುಕಿಸಿದ್ರೆ ಚುಂಯ್ ಅನ್ನುತ್ತೆ ನನ್ನ ಬೆನ್ನು." ಅವನು ಸರಿದು ಎದ್ದು ಕುಳಿತ. "ಬೆರಳು ಬಿಡಿ ಅಕ್ಕ. ನಾವು ಇಸ್ತ್ರಿಪೆಟ್ಟಿಗೇನ ಕೆನ್ನೆ ಹತ್ರ ತಂದು ನೋಡೋದು. ಬೆರಳು ಕೆಲಸ ಮಾಡಿ ಮಾಡಿ ದಡ್ಡ ಆಗುತ್ತೆ, ಕೆನ್ನೆ ಯಾವತ್ತೂ ಕೂಸಿನ ಹಾಗೆ."

ಅಕ್ಕ ಕಣ್ಣು ಮುಚ್ಚಿ ಅವನ ಭುಜವಿದ್ದ ಜಾಗಕ್ಕೆ ಕೆನ್ನೆ ತಂದಳು. ಥಟ್ಟನೆ ಹಿಂದೆ ಸರಿದಳು. ದೀಪ ಆರಿಸಿದಳು. ಇಸ್ತ್ರಿ ಅಣ್ಣನನ್ನು ಅಲ್ಲೇ ಬಿಟ್ಟು ಪಕ್ಕದ ಕೋಣೆಗೆ ಓಡಿದಳು.

ಕಂಡಕ್ಟರಣ್ಣ ಕುರ್ಚಿಯ ಮೇಲೆ ಬೆನ್ನು ತೆರೆದು ಕುಳಿತಿದ್ದರು. ಭುಜದ ಮೇಲೆ ಅಂಗೈ ಅಗಲ ಕೆಂಪು. ಶಾಖ ಕೊಟ್ಟ ಮೇಲೆ ಬರುವ ತೆಳುಗೆಂಪಲ್ಲ, ಅದಕ್ಕಿಂತ ಗಾಢ. ಮೇಡಂ ಆಗಲೇ ಒದ್ದೆ ಬಟ್ಟೆ ಇಟ್ಟಿದ್ದರು. "ಗುಳ್ಳೆ ಎದ್ದಿಲ್ಲ ಅಕ್ಕ. ಇಳಿಯುತ್ತೆ. ಆದ್ರೆ ಇವತ್ತು ಯಾಕೋ ಜಾಸ್ತಿ ಆಗಿದೆ."

ಅಂದು ಬೆಳಿಗ್ಗೆ ಅವರು ಎಳೆದು ಎಳೆದು ಹೇಳಿದ "ರೈ...ಟ್" ಅಕ್ಕನ ಕಿವಿಯಲ್ಲೇ ಇತ್ತು. ಅವಳು ಕೇಳಿದ್ದಳು, ಕೇಳಿ ಬೆರಳು ಹಿಡಿದು ನೋಡಿದ್ದಳು. ಬೆರಳು "ಇಲ್ಲ" ಅಂದಿತ್ತು. ಅವಳು ಬೆರಳನ್ನು ನಂಬಿದ್ದಳು.

ಸುಮ್ಮನಿದ್ದರೂ ನಡೆಯುತ್ತಿತ್ತು. ನಾಳೆಯಿಂದ ದೀಪ ದೂರ ಇಟ್ಟರಾಯಿತು. ಮೇಡಂ ಕೇಳಿರಲಿಲ್ಲ, ಕಂಡಕ್ಟರಣ್ಣ ಹೇಳುವಂತಿರಲಿಲ್ಲ. ಹೇಳಿದರೆ ಅವಳ ಕೋಣೆ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅವರ ದೀಪ ಹೋಗುತ್ತದೆ. ಅಕ್ಕ ಹೇಳಿದಳು.

"ಮೇಡಂ, ಆ ಬಿಸಿ ತಣ್ಣೀರಿನ ಗಾಜಿನ ಕೊಳವೆ ತನ್ನಿ. ನನಗೆ ಹಿಡೀರಿ."

ಹೊಸ ರೋಗಿಗಳಿಗೆ ಶಾಖ ಕೊಡುವ ಮೊದಲು ಮಾಡುವ ಪರೀಕ್ಷೆ ಅದು. ಕಣ್ಣು ಮುಚ್ಚಿಸಿ, ಒಂದು ಕೊಳವೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿ ಚರ್ಮಕ್ಕೆ ತಾಗಿಸಿ ಯಾವುದೆಂದು ಕೇಳುವುದು. ಅಕ್ಕ ಅದನ್ನು ಎಷ್ಟು ಜನರಿಗೆ ಮಾಡಿದ್ದಳೋ. ಈಗ ಅವಳೇ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೈ ಚಾಚಿದಳು. ಕಿರುಬೆರಳಿಗೆ ತಾಗಿಸಿದಾಗ ಸರಿಯಾಗಿ ಹೇಳಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬಂದಾಗ ಎರಡಕ್ಕೂ "ತಣ್ಣಗೆ" ಅಂದಳು. ಮೇಡಂ ಮತ್ತೆ ಮಾಡಿದರು. ಅಕ್ಕ ಮತ್ತೆ ಹಾಗೇ ಅಂದಳು. ಕಣ್ಣು ತೆರೆದಾಗ ಮೇಡಂ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಡಾಕ್ಟರು ಬಂದು ನೋಡಿದರು. ಮಣಿಕಟ್ಟಿನ ಒಳಗೆ ನರ ಅಮುಕಿಹೋಗಿದೆ, ಬಹಳ ದಿನದ್ದು, ಚಿಕ್ಕ ಶಸ್ತ್ರಚಿಕಿತ್ಸೆ ಬೇಕು ಅಂದರು. "ಪಳಗಿದ ಕೈ ಅಂದ್ಕೊಂಡಿದ್ದೆ ಸರ್" ಎಂದಳು ಅಕ್ಕ. ಅವರು ನಗಲಿಲ್ಲ. ಸದ್ಯಕ್ಕೆ ಕಂಡಕ್ಟರಣ್ಣನ ದೀಪ ನಿಲ್ಲಿಸಬೇಕು ಅಂದರು.

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಣ್ಣನ ಹೆಂಡತಿಗೆ ಎಲ್ಲ ಕೇಳಿಸಿತ್ತು. "ನಿಮ್ಮ ಕೈ ನಂಬ್ಕೊಂಡು ಬಂದ್ವಲ್ಲಮ್ಮಾ" ಅಂದರು. ಬೈಗುಳವಲ್ಲ ಅದು, ಆದರೆ ಬೈಗುಳಕ್ಕಿಂತ ಚುಚ್ಚಿತು. "ಹೋದ ವಾರ ಕೈ ಕಿವಿ ತನಕ ಬಂದಿತ್ತು. ಈಗ ಮತ್ತೆ ಬಿಗಿಯುತ್ತೆ, ಅಲ್ವಾ?"

"ನನ್ನ ಕೈ ಬೇಡ ಸರ್" ಎಂದಳು ಅಕ್ಕ. "ಕಿವಿ ಇದೆ. ಅಣ್ಣ ಹೇಳ್ತಾರೆ, ನಾನು ಕೇಳಿದೀನಿ." ರೈಟಿನ ಮೂರು ಬಗೆಯನ್ನೂ ಅವಳು ಅಂದು ತೋರಿಸಿದಳು. ಮೇಡಂಗೆ ನಗು ಬಂತು, ಕಂಡಕ್ಟರಣ್ಣ ಅವಳನ್ನೇ ನೋಡುತ್ತಿದ್ದರು.

ಡಾಕ್ಟರು ಒಳ್ಳೆಯವರು, ಆದರೆ ಸುಲಭಕ್ಕೆ ಬಗ್ಗುವವರಲ್ಲ. "ಅಕ್ಕ, ಇದು ಪ್ರೀತಿಯಿಂದ ಕೇಳಿಸಿಕೊಳ್ಳೋದೂ ಆಗಿರಬಹುದು. ನಮಗೆ ಬೇಕಾದ ಹಾಗೆ ಕೇಳಿಸಿಬಿಡುತ್ತೆ."

"ಹಾಗಾದ್ರೆ ಪರೀಕ್ಷೆ ಮಾಡಿ ಸರ್. ಕಪ್ಪು ದೀಪ ಇದೆಯಲ್ಲ. ಉರೀತಾ ಇದ್ಯೋ ಇಲ್ವೋ ನೋಡಿದವರಿಗೆ ಗೊತ್ತಾಗಲ್ಲ. ಅಣ್ಣನ ಬೆನ್ನ ಹಿಂದೆ ಇಡಿ. ನಾನು ಗೋಡೆ ಕಡೆ ಮುಖ ಮಾಡಿ ಕೂರ್ತೀನಿ."

ಕೆಂಪು ಪೂರ್ತಿ ಇಳಿದು ಚರ್ಮ ಎಂದಿನಂತಾದ ಮೇಲೆ ಆ ಪರೀಕ್ಷೆ ನಡೆಯಿತು. ನಾನೂ ಅತ್ತೆಯೂ ಬೆಂಚಿನ ಮೇಲಿದ್ದೆವು. ಅಕ್ಕ ಮೂಲೆಯಲ್ಲಿ ಗೋಡೆಗೆ ಎದುರಾಗಿ ಕುಳಿತಳು, ತಪ್ಪು ಮಾಡಿ ಶಿಕ್ಷೆಗೆ ಕೂತ ಹುಡುಗಿಯ ಹಾಗೆ. ಕಾದ ಕಪ್ಪು ದೀಪವನ್ನು ಡಾಕ್ಟರು ಸದ್ದಿಲ್ಲದೆ ಸರಿಸುತ್ತಿದ್ದರು. ಒಮ್ಮೆ ಹದವಾದ ದೂರದಲ್ಲಿ ಇಟ್ಟರು, ಒಮ್ಮೆ ಅದಕ್ಕೂ ಭುಜಕ್ಕೂ ನಡುವೆ ದಪ್ಪ ಹಲಗೆ ಹಿಡಿದರು, ಒಮ್ಮೆ ಕ್ಷಣಮಾತ್ರ ಹತ್ತಿರ ತಂದು ಒಯ್ದರು. ಎಲ್ಲಿ ಇಟ್ಟರೂ ಮೊದಲು ತಮ್ಮ ಒಳಮುಂಗೈಯನ್ನು ಭುಜದ ಪಕ್ಕ ಹಿಡಿದು ನೋಡುತ್ತಿದ್ದರು. ಮೇಡಂ ಪ್ರತಿ ಸಲವೂ ಒಂದೇ ದನಿಯಲ್ಲಿ ಕೇಳಿದರು, "ಹೇಗಿದೆ?"

"ರೈಟ್ ರೈಟ್!"

"ಹದವಾಗಿದೆ" ಎಂದಳು ಅಕ್ಕ ಗೋಡೆಗೆ.

"ರೈಟ್."

"ಶಾಖ ಬರ್ತಾ ಇಲ್ಲ. ದೀಪ ಉರೀತಿಲ್ಲ, ಇಲ್ಲಾಂದ್ರೆ ಅಡ್ಡ ಏನೋ ಇದೆ."

ನನ್ನ ಅತ್ತೆ ನನ್ನ ಮಂಡಿ ಹಿಂಡಿದರು.

"ರೈ...ಟ್."

"ದೂರ ತಳ್ಳಿ ಸರ್!" ಎಂದು ಅಕ್ಕ ಅರ್ಧ ಎದ್ದೇ ಬಿಟ್ಟಳು.

ಹೀಗೆ ಮತ್ತೆ ಮತ್ತೆ, ಕ್ರಮ ಬದಲಿಸಿ ಬದಲಿಸಿ ನಡೆಯಿತು. ಒಂದು ಸಲ ಕಂಡಕ್ಟರಣ್ಣ ಕೆಮ್ಮಿದರು, ಕೆಮ್ಮಿನ ನಡುವೆಯೇ ರೈಟ್ ಅಂದರು. ಎಲ್ಲರೂ ಅಕ್ಕನ ಬೆನ್ನನ್ನು ನೋಡಿದೆವು. ಅವಳು ತಲೆ ಬಗ್ಗಿಸಿ ಯೋಚಿಸಿದಳು.

"ಇದು ನನಗೆ ಗೊತ್ತಾಗಲಿಲ್ಲ."

ಡಾಕ್ಟರು ದೀಪ ಆರಿಸಿದರು. ಕಂಡಕ್ಟರಣ್ಣನ ಹೆಂಡತಿಯ ಮುಖ ಬಾಡಿತು, ಎಲ್ಲ ಕೆಟ್ಟಿತು ಅಂದುಕೊಂಡರು. ಡಾಕ್ಟರು ಅಂದರು: "ಬೇರೆ ಎಲ್ಲಾ ಸರಿ ಬಂತು. ಆದ್ರೆ ನಾನು ಒಪ್ಪೋದು ಈ ಕೊನೇ ಮಾತಿಗೆ. ಗೊತ್ತಾಗದೆ ಇದ್ದಾಗ ಗೊತ್ತಾಗಲಿಲ್ಲ ಅನ್ನೋ ಕಿವಿ ಇದ್ರೆ ದೀಪ ಇಡಬಹುದು. ದೀಪ ಹಿಡಿಯೋದು ಮೇಡಂ, ಚರ್ಮ ನೋಡೋದೂ ಮೇಡಂ. ಕೇಳೋದು ಅಕ್ಕ. ಸಂದೇಹ ಬಂದ ತಕ್ಷಣ ಆರಿಸಬೇಕು. ಮತ್ತೆ ಅಕ್ಕ, ಆಪರೇಷನ್ನಿಗೆ ದಿನ ಗೊತ್ತು ಮಾಡ್ತೀನಿ, ತಪ್ಪಿಸ್ಕೊಂಡ್ರೆ ಈ ಕಿವಿ ಹಿಂಡ್ತೀನಿ."

ಇಸ್ತ್ರಿ ಅಣ್ಣ ಪರದೆಯ ಹಿಂದಿನಿಂದ ಕೂಗಿದ. "ಕೆನ್ನೆಗೂ ಒಂದು ಕೆಲಸ ಕೊಡಿ ಸರ್, ಅದು ನಾನು ಹೇಳಿಕೊಟ್ಟಿದ್ದು!"

ಕೆನ್ನೆಗೂ ಕೆಲಸ ಸಿಕ್ಕಿತು. ಪ್ರತಿದಿನ ದೀಪ ಹಚ್ಚಿದ ಮೇಲೆ ಮೇಡಂ ಮೊದಲು ಮುಂಗೈ ಹಿಡಿದು ನೋಡುವರು. ಆಮೇಲೆ ಅಕ್ಕ ಕಣ್ಣು ಮುಚ್ಚಿ ಕಂಡಕ್ಟರಣ್ಣನ ಭುಜದ ಪಕ್ಕಕ್ಕೆ ಕೆನ್ನೆ ತಂದು ಕ್ಷಣಹೊತ್ತು ನಿಲ್ಲುವಳು. ಬಾಗಿಲಿಂದ ನೋಡಿದವರಿಗೆ ಅವಳು ಯಾವುದೋ ಪ್ರಾರ್ಥನೆ ಮಾಡುತ್ತಿದ್ದಾಳೆ ಅನ್ನಿಸಬೇಕು. ನನಗೆ ಅದು ಪ್ರಾರ್ಥನೆಯಲ್ಲ ಎಂದು ಹೇಳಲು ಈಗಲೂ ಮನಸ್ಸು ಬರುವುದಿಲ್ಲ.

ಶಸ್ತ್ರಚಿಕಿತ್ಸೆ ಆಯಿತು. ಹೊಲಿಗೆ ಬಿಚ್ಚುವ ಮೊದಲೇ ಅಕ್ಕ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಬಂದು ಸ್ಟೂಲಿನ ಮೇಲೆ ಕುಳಿತಳು. ಕೇಳುವುದಕ್ಕೆ ಕೈ ಬೇಡವಲ್ಲ ಎಂದಳು. ಮನೆಯಲ್ಲಿ ಈಗ ಅವಳ ಅತ್ತೆಯೇ ಒಲೆಯ ಪಾತ್ರೆ ಇಳಿಸುತ್ತಾರೆ, ಬಟ್ಟೆ ಹಿಡಿದು. ತೋರುಬೆರಳಿಗೂ ಹೆಬ್ಬೆರಳಿಗೂ ಸ್ಪರ್ಶ ಮೆಲ್ಲಗೆ ಮರಳುತ್ತಿದೆ. ನಡುಬೆರಳು ಇನ್ನೂ ಮುನಿಸಿಕೊಂಡಿದೆ.

ನನ್ನ ಅತ್ತೆಯವರ ಚಿಕಿತ್ಸೆಯ ಕೊನೆಯ ದಿನ ನಾನು ಕಂಡದ್ದು ಇದು. ಶಾಖ, ವ್ಯಾಯಾಮ ಎಲ್ಲ ಮುಗಿದಿತ್ತು. ಕಂಡಕ್ಟರಣ್ಣನ ಹೆಂಡತಿ ಅಂಗಿ ಹಿಡಿದು ನಿಂತಿದ್ದರು. ಕಂಡಕ್ಟರಣ್ಣ ತಾವೇ ಬಲಗೈಯನ್ನು ಮುಂದೆ ಚಾಚಿದರು. ಮುಂಗೈ ತೂರಿತು, ಮೊಣಕೈ ತೂರಿತು, ಭುಜದ ಹತ್ತಿರ ಬಟ್ಟೆ ಸಿಕ್ಕಿಕೊಂಡಿತು. ಹೆಂಡತಿ ಅವಸರದಲ್ಲಿ ಎಳೆದರು.

"ರೈ...ಟ್."

"ಎಳೀಬೇಡಿ ಅಮ್ಮ, ಸ್ಟಾಪ್ ಬಂತು" ಎಂದಳು ಅಕ್ಕ, ತಿರುಗಿಯೂ ನೋಡದೆ. ಅವಳು ದೀಪದ ವೈರು ಸುತ್ತುತ್ತಿದ್ದಳು.

ಹೆಂಡತಿ ಕೈ ಸಡಿಲ ಬಿಟ್ಟರು. ಕಂಡಕ್ಟರಣ್ಣ ಒಮ್ಮೆ ಉಸಿರೆಳೆದುಕೊಂಡು ಭುಜವನ್ನು ತಾವೇ ಮೇಲಕ್ಕೆತ್ತಿದರು. ತೋಳು ಒಳಗೆ ಜಾರಿತು.

"ರೈಟ್ ರೈಟ್!"

ಆ ದನಿ ಔಷಧಿ ಕೊಡುವ ಕಿಟಕಿಯವರೆಗೂ ಕೇಳಿಸಿತಂತೆ.